ಬಿಸಿಲಿಗೆ ಏಳುವ ಗಾದರಿ, ನೆರಳಿಗೆ ಮಾಯ

ನಿವೃತ್ತಳಾಗಿ ಮನೆಯಲ್ಲಿರುವ ನನಗೆ ಈಗ ಎಳೆಬಿಸಿಲಲ್ಲಿ ಕುಳಿತು ಚಹಾ ಕುಡಿಯುವಷ್ಟು ಪುರುಸೊತ್ತಿದೆ. ಆದರೆ ಬಿಸಿಲು ತೋಳಿನ ಮೇಲೆ ಬಿದ್ದೊಡನೆ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಕೆಂಪಾಯಿತೇ, ಉಬ್ಬಿತೇ ಎಂದು ನೋಡಿಕೊಳ್ಳುತ್ತೇನೆ. ನನಗೆ ಆ ಕಾಯಿಲೆ ಇಲ್ಲ. ಅದಿದ್ದ ಒಬ್ಬ ಹುಡುಗಿಯ ಹಿಂದೆ ಬಹಳ ದಿನ ಜೀವ ಕೈಯಲ್ಲಿ ಹಿಡಿದು ತಿರುಗಿದ್ದರಿಂದ ಅಂಟಿಕೊಂಡ ಅಭ್ಯಾಸ ಇದು.

ನನ್ನ ಸೇವೆಯ ಬಹುಭಾಗ ಹಳಿಯಾಳದಲ್ಲಿ ಚರ್ಮರೋಗ ವೈದ್ಯೆಯಾಗಿ ಕಳೆಯಿತು. ವಾರಕ್ಕೊಮ್ಮೆ ದಾಂಡೇಲಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಶಿಬಿರಗಳಿದ್ದಾಗ ಜೋಯಿಡಾ, ಮುಂಡಗೋಡಕ್ಕೂ ಹೋಗುವುದಿತ್ತು. ಈಗ ಓದು ಮುಗಿಸಿ ಈ ಕಡೆ ಬರುವ ಹೊಸ ವೈದ್ಯರು ಫೋನ್ ಮಾಡಿ, ಅಲ್ಲಿ ಎಂಥ ಕೇಸು ಬರುತ್ತವೆ ಎಂದು ಕೇಳುತ್ತಾರೆ. ಗಜಕರ್ಣ, ಕಜ್ಜಿ, ಗದ್ದೆಯಲ್ಲಿ ನಿಂತು ಬಂದ ಕಾಲುಹುಣ್ಣು, ಅಂಗಡಿಯ ಮುಲಾಮು ಹಚ್ಚಿ ಕೆಡಿಸಿಕೊಂಡ ಮುಖ, ಇವೇ ಹೆಚ್ಚು ಎಂದು ಹೇಳುತ್ತೇನೆ. ಬಿಸಿಲಿನ ತಕರಾರುಗಳೂ ಇರುತ್ತವೆ. ಮುಂಡಗೋಡದ ಒಬ್ಬ ರೈತರಿಗೆ ಮುಖ, ಕುತ್ತಿಗೆಯ ಚರ್ಮ ಆನೆಯ ತೊಗಲಿನಂತೆ ದಪ್ಪಗಾಗಿತ್ತು. ಬಿಸಿಲು ಆಗಿಬರುವುದಿಲ್ಲ ಎಂದೇ ಅವರು ನಂಬಿದ್ದರು. ನೋಡಿದರೆ ಬದುವಿನ ಪಾರ್ಥೇನಿಯಂ ಕಳೆಯ ಧೂಳು ಅದಕ್ಕೆ ಕಾರಣವಾಗಿತ್ತು. ಜೋಯಿಡಾದ ಒಬ್ಬ ಹೆಂಗಸಿಗೆ ಬಿಸಿಲಲ್ಲಿ ಕೆಲಸ ಮಾಡಿದ ಮರುದಿನ ತೋಳಿನ ಮೇಲೆ ಗುಳ್ಳೆ ಎದ್ದು ವಾರಗಟ್ಟಲೆ ಇರುತ್ತಿದ್ದವು. ಇವೆಲ್ಲ ಒಂದು ರೀತಿಯಲ್ಲಿ ಒಳ್ಳೆಯ ಕಾಯಿಲೆಗಳು. ರೋಗಿಯ ಜೊತೆಗೆ ಬಂದು, ನಿಮ್ಮ ಮುಂದೆ ಕುಳಿತು, ತಮ್ಮನ್ನು ತೋರಿಸಿಕೊಳ್ಳುತ್ತವೆ. ನಾನು ಬರೆಯಬೇಕೆಂದಿರುವುದು ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಮಾಯವಾಗುವ ಕಾಯಿಲೆಯ ಬಗ್ಗೆ.

ಒಂದು ಚಳಿಗಾಲದ ಬೆಳಿಗ್ಗೆ ಪರಶುರಾಮ ವಸ್ತಾದರು ನನ್ನ ಕೋಣೆಗೆ ಬಂದರು. ಹಳಿಯಾಳದಲ್ಲಿ ಕುಸ್ತಿ ಕಲಿಸುವವರನ್ನು ವಸ್ತಾದರು ಎನ್ನುತ್ತಾರೆ, ಕಲಿಯುವ ಜಾಗಕ್ಕೆ ತಾಲೀಮು ಎನ್ನುತ್ತಾರೆ. ಇವರ ತಾಲೀಮಿನಲ್ಲಿ ಹುಡುಗಿಯರೇ ಕಲಿಯುತ್ತಿದ್ದರು. ಮೊದಲು ಗಜಕರ್ಣಕ್ಕೆಂದು ಒಂದಿಬ್ಬರನ್ನು ಕರೆತಂದಿದ್ದರಿಂದ ನನಗೆ ಪರಿಚಯ. ಅವತ್ತು ಅವರ ಹಿಂದೆ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಹೆಸರು ಶಿವಲೀಲಾ. ಮುಂಡಗೋಡ ತಾಲೂಕಿನ ಹಳ್ಳಿಯವಳು. ಪಿಯುಸಿ ಮುಗಿಸಿ, ಕುಸ್ತಿಗೆಂದೇ ಹಳಿಯಾಳಕ್ಕೆ ಬಂದು ವಸ್ತಾದರ ಮನೆಯಲ್ಲೇ ಉಳಿದಿದ್ದಳು.

"ಬಾಯಾರ, ಇಕಿಗೆ ಮೈಮ್ಯಾಲೆ ಗಾದರಿ ಏಳ್ತಾವ್ರಿ," ಎಂದರು ವಸ್ತಾದರು. ತುರಿಸುತ್ತ ಉಬ್ಬುವ ದದ್ದಿಗೆ ಇಲ್ಲಿ ಗಾದರಿ ಎನ್ನುತ್ತಾರೆ.

"ಎಲ್ಲಿ, ತೋರಸವಾ."

ಅವಳು ತೋಳು ಮುಂದೆ ಮಾಡಿದಳು. ಚರ್ಮ ನುಣ್ಣಗೆ, ಏನೂ ಇಲ್ಲದೆ ಇತ್ತು.

"ಇದಾ ನೋಡ್ರಿ ತ್ರಾಸು," ಎಂದರು ವಸ್ತಾದರು. "ಮೈದಾನದಾಗ ಕೈಯಷ್ಟು ಅಗಲ ಇದ್ದು. ಆಟೋ ಹತ್ತಿ ಇಲ್ಲಿಗೆ ಬರೂದ್ರಾಗ ಹೋಗಿಬಿಟ್ಟು. ಉಳದ ಹುಡಗ್ಯಾರು ಇಕಿ ಜೋಡಿ ಹಿಡಿಯಾಕ ಒಲ್ಲೆ ಅನ್ನಾಕತ್ಯಾರ. ಅಂಟುರೋಗ ಅಂತ ತಿಳದಾರ."

ಕುಸ್ತಿಯವರಿಗೆ ಇದು ಸಣ್ಣ ಮಾತಲ್ಲ. ಮೈಗೆ ಮೈ ತಾಗುವ ಆಟ. ಪಂದ್ಯಕ್ಕೆ ಮುಂಚೆ ತೂಕ ನೋಡುವಾಗ ಚರ್ಮವನ್ನೂ ನೋಡುತ್ತಾರೆ, ಸಂಶಯ ಬಂದರೆ ಕಣದೊಳಗೆ ಬಿಡುವುದಿಲ್ಲ. ಜೊತೆಗಾರ್ತಿಯೇ ಹಿಡಿಯಲು ಒಲ್ಲೆ ಎಂದರೆ ತಾಲೀಮಿನಲ್ಲಿ ಗೋಡೆ ನೋಡುತ್ತ ಕೂರಬೇಕಷ್ಟೆ.

ಅವಳು ಅದಾಗಲೇ ಸಾಕಷ್ಟು ಅನುಭವಿಸಿದ್ದಳು. ಒಬ್ಬರು ಪಿತ್ತ ಎಂದು ಹೇಳಿ ಮೊಟ್ಟೆ ಬಿಡಿಸಿದ್ದರು. ಇನ್ನೊಬ್ಬರು ಹಾಲು, ಶೇಂಗಾ ಬಿಡಿಸಿದ್ದರು. ಅನ್ನ ಸಾರು ತಿಂದು ಕುಸ್ತಿ ಮಾಡಲು ಹೋಗಿ ತೂಕ ಇಳಿದಿತ್ತು. ಊರಲ್ಲಿ ಯಾರೋ ಕೊಟ್ಟ ಮಾತ್ರೆಗಳನ್ನು ತೋರಿಸಿದಳು. ಅವು ಸ್ಟೆರಾಯ್ಡ್. ಕ್ರೀಡಾಪಟು ಅದನ್ನು ನುಂಗಿ ಪಂದ್ಯಕ್ಕೆ ಹೋದರೆ ಏನಾಗುತ್ತದೆ ಎಂದು ಹೇಳಿದಾಗ ವಸ್ತಾದರ ಮುಖ ಕಪ್ಪಿಟ್ಟಿತು.

ಹುಬ್ಬಳ್ಳಿಯಲ್ಲಿ ನನಗೆ ಕಲಿಸಿದ ಪ್ರೊಫೆಸರ್ ಒಬ್ಬರು ಗಾದರಿಯ ರೋಗಿ ಬಂದಾಗ ಮೈ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಕೇಳು, ಆಮೇಲೆ ಕಣ್ಣಿಗೆ ಕೆಲಸ ಕೊಡು ಎನ್ನುತ್ತಿದ್ದರು. ನಾನು ಹಾಗೇ ಕೇಳಿದೆ.

"ಓಡಾಕ ಸುರು ಮಾಡಿದ ಮ್ಯಾಲೆ ಯಾವಾಗ ಏಳ್ತಾವವಾ?"

"ಮೈದಾನ ಒಂದ್ ಸುತ್ತು ಹಾಕೂದ್ರಾಗ ಸುರು ಆಗ್ತಾವ್ರಿ. ಮೊದಲ ಚುರುಚುರು ಅಂತೈತಿ, ಆಮ್ಯಾಲೆ ತಿಂಡಿ ಬಂದು ಕೆರಕೊಳ್ಳೂದು, ಆಮ್ಯಾಲೆ ಉಬ್ಬತೈತಿ."

"ಯಾವಾಗ ಹೋಗ್ತಾವು?"

"ಮನಿಗೆ ಬಂದು ಸ್ನಾನ ಮಾಡಿ ಉಣ್ಣೂದ್ರಾಗ ಏನೂ ಇರೂದಿಲ್ರಿ."

"ಮಾರಿ ಮ್ಯಾಲೆ?"

"ಇಲ್ರಿ. ಮಾರಿ, ಅಂಗೈ ಏನೂ ಆಗೂದಿಲ್ಲ. ತೊಡಿ, ರಟ್ಟಿ, ಬೆನ್ನು, ಬರೇ ಅಲ್ಲಿ."

ಈ ಉತ್ತರ ನನ್ನನ್ನು ಎರಡು ದಾರಿಯ ನಡುವೆ ನಿಲ್ಲಿಸಿತು. ಮೈ ಬಿಸಿಯಾಗಿ ಬೆವರಿದಾಗ ಏಳುವ ಗಾದರಿ ಓಡುವವರಿಗೆ ಬರುವುದುಂಟು, ಅದು ಸಾಮಾನ್ಯ. ಬಿಸಿಲಿಗೇ ಏಳುವುದು ಅಪರೂಪ. ಬಿಸಿಲಾಗಿದ್ದರೆ ಮುಖದ ಮೇಲೆ ಮೊದಲು ಏಳಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ದಿನವೂ ಬಿಸಿಲು ಕಾಣುವ ಮುಖ, ಕೈ ಎಷ್ಟೋ ಸಲ ಅದಕ್ಕೆ ಒಗ್ಗಿಹೋಗಿರುತ್ತವೆ. ಸದಾ ಬಟ್ಟೆಯೊಳಗಿರುವ ಚರ್ಮ ಒಮ್ಮೆಲೇ ಬೆಳಕಿಗೆ ಬಂದಾಗ ತಡೆದುಕೊಳ್ಳುವುದಿಲ್ಲ. ಹಳ್ಳಿಯಲ್ಲಿ ಸಲ್ವಾರ್ ಹಾಕುತ್ತಿದ್ದವಳು ಇಲ್ಲಿ ಬಂದು ಚಡ್ಡಿ, ತೋಳಿಲ್ಲದ ಬನಿಯನ್ ತೊಟ್ಟು ಓಡಲು ಆರಂಭಿಸಿದ್ದಳು.

ಕೋಣೆಯಲ್ಲಿ ಕುಳಿತು ಇದು ಬಗೆಹರಿಯುವಂತಿರಲಿಲ್ಲ. ಮರುದಿನ ನಾನೇ ತಾಲೀಮಿಗೆ ಹೋದೆ. ವಸ್ತಾದರ ಹೆಂಡತಿ ಸುನಂದಾಬಾಯಿ ಕಿಟಕಿಗಳನ್ನು ಮುಚ್ಚಿದರು. ಒಳಗೇ ದಂಡ, ಬೈಠಕ್ ಹೊಡೆಯಲು ಶಿವಲೀಲಾಳಿಗೆ ಹೇಳಿದೆ. ಬೆವರು ನೆಲಕ್ಕೆ ತೊಟ್ಟಿಕ್ಕಿತು, ಅವಳ ಉಸಿರು ಗೋಡೆಗೆ ಬಡಿಯುವಂತಿತ್ತು. ತೋಳು, ತೊಡೆ ನೋಡಿದೆ. ಒಂದು ಚುಕ್ಕೆ ಇಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಟ್ಟು ನೋಡಿದೆ. ಇಲ್ಲ. ಅವಳು ತಣ್ಣಗಾಗುವವರೆಗೆ ಕಾದು, ಸೊಂಟದ ಮೇಲಿನ ಬೆನ್ನಿಗೆ ಕಪ್ಪು ದಪ್ಪ ಬಟ್ಟೆ ಕಟ್ಟಿ, ಅದರಲ್ಲಿ ಚೌಕಾಕಾರದ ಸಣ್ಣ ಕಿಂಡಿ ಕತ್ತರಿಸಿ, ಹಿತ್ತಲಿನ ಬಿಸಿಲಿಗೆ ಬೆನ್ನು ಮಾಡಿ ಸುಮ್ಮನೆ ಕೂರಲು ಹೇಳಿದೆ. ಚೀಲದಲ್ಲಿ ಅಡ್ರಿನಾಲಿನ್ ಸಿರಿಂಜ್ ತುಂಬಿಟ್ಟುಕೊಂಡಿದ್ದೆ. ಇಂಥ ಪರೀಕ್ಷೆಯನ್ನು ಬರಿಗೈಯಲ್ಲಿ ಮಾಡಬಾರದು.

ಬಹಳ ಹೊತ್ತು ಬೇಕಾಗಲಿಲ್ಲ. "ಚುರುಚುರು ಅನ್ನಾಕತ್ತೇತ್ರಿ," ಎಂದಳು. ಒಳಗೆ ಕರೆದು ಬಟ್ಟೆ ಬಿಚ್ಚಿದರೆ ಕಿಂಡಿಯ ಅಳತೆಯ ಒಂದು ಚೌಕ ಗಾದರಿ, ಬೆಳ್ಳಗೆ ಉಬ್ಬಿ, ಸುತ್ತ ಕೆಂಪು ಅಂಚಿನೊಡನೆ, ಮುದ್ರೆ ಒತ್ತಿದಂತೆ ನಿಂತಿತ್ತು. ಬಟ್ಟೆಯಡಿಯ ಚರ್ಮಕ್ಕೆ ಏನೂ ಆಗಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಥದ್ದು ಕಂಡರೆ ಬಾಲ್‌ಪೆನ್ನಿನಿಂದ ಸುತ್ತ ಗೆರೆ ಎಳೆದು, ಕಾಗದದಲ್ಲಿ ಚಿತ್ರ ಬರೆದಿಡುತ್ತಿದ್ದೆವು. ಈಗ ಫೋನಿದೆ. ಸುನಂದಾಬಾಯಿ ಚಿತ್ರ ತೆಗೆದರು. ವಸ್ತಾದರು ಅದನ್ನು ಉಳಿದ ಹುಡುಗಿಯರಿಗೆ ತೋರಿಸಿ, "ನೋಡ್ರಿ, ಬಿಸಲಿನ ಗಾದರಿ ಇದು. ಅಂಟೂದಿಲ್ಲ, ಏನಿಲ್ಲ," ಎಂದು ಗದರಿದರು. ಅವತ್ತು ಸಂಜೆಯೇ ಒಬ್ಬಳು ಶಿವಲೀಲಾಳ ಜೊತೆ ಹಿಡಿಯಲು ಒಪ್ಪಿದಳಂತೆ.

ರಕ್ತ ಪರೀಕ್ಷೆಗಳನ್ನು ಹುಬ್ಬಳ್ಳಿಗೆ ಕಳಿಸಿದೆ. ಬಿಸಿಲಿಗೆ ಸಿಡಿಯುವ ಬೇರೆ ಕಾಯಿಲೆಗಳೂ ಇವೆ. ಕೆಲವು ಮೂತ್ರಪಿಂಡಕ್ಕೆ, ಯಕೃತ್ತಿಗೆ ಹೋಗುವಂಥವು. ಅವೇನೂ ಇರಲಿಲ್ಲ. ನಿದ್ದೆ ತರದ ಅಲರ್ಜಿ ಮಾತ್ರೆ ಆರಂಭಿಸಿ, ಮೈತುಂಬ ಬಟ್ಟೆ ತೊಟ್ಟೇ ಓಡಬೇಕು ಎಂದು ಹೇಳಿದೆ. ಮೊಟ್ಟೆ, ಹಾಲು ಮತ್ತೆ ತಿನ್ನಲು ಹೇಳಿದಾಗ ಮಾತ್ರ ಅವಳು ಮೊದಲ ಸಲ ನಕ್ಕಳು.

ಕೆಲವು ವಾರ ಒಳ್ಳೆಯ ಸುದ್ದಿಯೇ ಬರುತ್ತಿತ್ತು. ತಿಂಡಿ, ಅಂದರೆ ತುರಿಕೆ, ಇಲ್ಲ, ಎದ್ದರೂ ಸಣ್ಣ ಗಾದರಿ. ಒಳ್ಳೆಯ ಸುದ್ದಿ ನನ್ನನ್ನು ನೆಮ್ಮದಿಗೊಳಿಸಲಿಲ್ಲ. ಈ ಕಾಯಿಲೆಯಲ್ಲಿ ಅಂಗೈಯಗಲ ಚರ್ಮ ಬಿಸಿಲಿಗೆ ಬಿದ್ದರೆ ತಿಂಡಿಯಷ್ಟೇ. ಇಡೀ ಮೈ ಒಮ್ಮೆಲೇ ಬಿದ್ದರೆ ರಕ್ತದೊತ್ತಡ ಕುಸಿದು ಮನುಷ್ಯ ಬಿದ್ದುಹೋಗಬಹುದು. ಮಾತ್ರೆ ತಿಂಡಿಯನ್ನು ತಡೆಯುತ್ತದೆ, ಆ ಬೀಳುವಿಕೆಯನ್ನು ತಡೆಯುತ್ತದೆಂಬ ಭರವಸೆ ಇಲ್ಲ. ಇದನ್ನು ಅವಳಿಗೆ ಪ್ರತಿ ಸಲವೂ ಹೇಳುತ್ತಿದ್ದೆ. "ಹೂನ್ರಿ ಬಾಯಾರ" ಎನ್ನುತ್ತಿದ್ದಳು. ತಿಂಡಿಯೇ ಇಲ್ಲದವರಿಗೆ ಅಪಾಯ ಇದೆಯೆಂದು ನಂಬಿಸುವುದು ಎಷ್ಟು ಕಷ್ಟ ಎಂದು ಹೊಸ ವೈದ್ಯರಾದ ನೀವು ಬೇಗನೆ ಕಲಿಯುತ್ತೀರಿ.

ಒಂದು ದಿನ ನಾನು ದಾಂಡೇಲಿಯಲ್ಲಿದ್ದೆ. ಅದೇ ದಿನ ವಸ್ತಾದರು ಹುಡುಗಿಯರನ್ನು ಅಲ್ಲಿಯ ಕಾಳಿ ನದಿಯ ದಂಡೆಗೆ ಕರೆತಂದಿದ್ದರು. ಮರಳಲ್ಲಿ ಓಡಿದರೆ ಕಾಲಿಗೆ ಬಲ ಬರುತ್ತದೆ. ಶಿವಲೀಲಾ ಉದ್ದ ತೋಳಿನ ಅಂಗಿ, ಪ್ಯಾಂಟು ತೊಟ್ಟೇ ಓಡಿದ್ದಳು. ಓಟ ಮುಗಿದ ಮೇಲೆ ಎಲ್ಲರೂ ನೀರಿಗಿಳಿದರು. ಅವಳೂ ಚಡ್ಡಿ ಬನಿಯನ್ನಿನಲ್ಲಿ ಇಳಿದಳು. ನೀರು ತಣ್ಣಗಿತ್ತು, ತಿಂಡಿ ಇರಲಿಲ್ಲ, ಬೆಳಿಗ್ಗೆ ಮಾತ್ರೆ ನುಂಗಿದ್ದಳು. ಹೊರಗೆ ಬಂದು ಬಂಡೆಯ ಮೇಲೆ ಮೈ ಒಣಗಿಸಿಕೊಳ್ಳುತ್ತ ಮಲಗಿದಳು.

ನಾನು ಒಬ್ಬ ಅಜ್ಜನ ಕಾಲು ನೋಡುತ್ತಿದ್ದಾಗ ಹೊರಗೆ ಜೀಪು ನಿಂತ ಸದ್ದಾಯಿತು. ವಸ್ತಾದರು ಅವಳನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಓಡಿ ಬಂದರು. ಟವೆಲ್ ಸುತ್ತಿದ ಮೈ ಪೂರ್ತಿ ಒಂದೇ ಗಾದರಿಯಾಗಿ ಉಬ್ಬಿತ್ತು. ತುಟಿ ದಪ್ಪಗಾಗಿದ್ದವು. ಕಣ್ಣು ಅರೆ ತೆರೆದಿದ್ದವು.

"ಕಲ್ಲಬಂಡಿ ಮ್ಯಾಲಿಂದ ಎದ್ದು ನಿಂತಾಕಿ ಹಂಗಾ ಬಿದ್ಲು ಬಾಯಾರ! ಉಸರಾಡಾಕ ಆಗವಲ್ದು ಅಂದ್ಲು, ಅಷ್ಟಾ!"

ನಾಡಿ ಹಿಡಿದರೆ ದಾರದಂತೆ ಸಿಕ್ಕಿತು. ಬಿಪಿ ನೋಡುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ತೊಡೆಯ ಹೊರಬದಿಗೆ ಅಡ್ರಿನಾಲಿನ್ ಚುಚ್ಚಿದೆ. ನರ್ಸ್ ಕಾಲು ಎತ್ತಿಟ್ಟು ಸಲೈನ್ ಹಚ್ಚಿದಳು, ಆಕ್ಸಿಜನ್ ಇಟ್ಟಳು. ಕಿಟಕಿಯ ಪರದೆ ಎಳೆದೆವು. ಆಮೇಲೆ ಮಾಡಲು ಉಳಿದದ್ದು ಕಾಯುವುದು. ಬಿಪಿ ಏರಲಿಲ್ಲ. ಇನ್ನೊಮ್ಮೆ ಚುಚ್ಚಿದೆ. ವಸ್ತಾದರು ಬಾಗಿಲ ಬಳಿ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ಸಾಯುತ್ತಾಳೆ ಎಂದು ನನಗೂ ಒಮ್ಮೆ ಅನಿಸಿತು. ಅನಿಸಿದ್ದನ್ನು ಮುಖದಲ್ಲಿ ತೋರಿಸದಿರುವುದೂ ನಮ್ಮ ಕೆಲಸವೇ.

ಆಮೇಲೆ ನಾಡಿ ನಿಧಾನವಾಗಿ ತುಂಬತೊಡಗಿತು. ತುಟಿಯ ಬಣ್ಣ ಮರಳಿತು. ಅವಳು ಕಣ್ಣು ತೆರೆದು ಮೊದಲು ಹೇಳಿದ್ದು, "ವಸ್ತಾದರು ಸಿಟ್ಟಾಗ್ಯಾರೇನ್ರಿ?"

ಮರುದಿನ ಅವಳ ತಂದೆ ಈರಪ್ಪ ಹಳ್ಳಿಯಿಂದ ಬಂದರು. ಹೆಗಲ ಮೇಲೆ ಟವೆಲ್, ಹಣೆಗೆ ವಿಭೂತಿ, ಮಾತು ಕಡಿಮೆ. ಮಗಳ ಪಕ್ಕ ಕುಳಿತು ಅವಳ ಪಾದ ಹಿಡಿದುಕೊಂಡೇ ನನ್ನೊಡನೆ ಮಾತಾಡಿದರು.

"ಸಾಕ್ರಿ ಬಾಯಾರ. ಮನಿಗೆ ಕರಕೊಂಡು ಹೋಗ್ತೇನಿ. ಇಕಿ ಜೀವಕ್ಕಿಂತ ಕುಸ್ತಿ ದೊಡ್ಡದಲ್ಲ."

"ಮನ್ಯಾಗ ಏನ್ ಮಾಡ್ತಾಳ್ರಿ?"

"ಹೊಲದ ಕೆಲಸ ಐತ್ರಿ, ಗೋವಿನಜೋಳ ಮುರಿಯೂದೈತಿ."

"ಹೊಲದಾಗ ಬಿಸಲಿಲ್ಲೇನ್ರಿ?"

ಮಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯದಾಗಿತ್ತು. ನನಗೂ ತಿಳಿದಿರಲಿಲ್ಲ. ಕುಸ್ತಿಯಾದರೆ ಸೂರಿನಡಿ ಕಲಿಯುವ ವಿದ್ಯೆ, ಹೊಲಕ್ಕೆ ಸೂರಿಲ್ಲ. ಈ ಮಾತು ಬಾಯಿಗೆ ಬಂದರೂ ನುಂಗಿಕೊಂಡೆ. ಮತ್ತೊಮ್ಮೆ ಬಿದ್ದರೆ ಎದುರು ನಿಂತು ಉತ್ತರ ಹೇಳಬೇಕಾದವಳು ನಾನು. ಶಿವಲೀಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಳುತ್ತಿದ್ದಾಳೆಂದು ಹೆಗಲಿನಿಂದ ಗೊತ್ತಾಗುತ್ತಿತ್ತು.

"ಸ್ವಲ್ಪ ದಿನ ಕೊಡ್ರಿ ನನಗ," ಎಂದೆ ಈರಪ್ಪನವರಿಗೆ. "ಯಾವ ಬೆಳಕು ಇಕಿಗೆ ಆಗೂದಿಲ್ಲ ಅಂತ ತಿಳಕೊಳ್ತೇನಿ. ಆಮ್ಯಾಲೆ ನಿಮಗ ಬೇಕಾದ್ದು ಮಾಡ್ರಿ."

ಹಾಗೆಂದದ್ದಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ಊರಿಗೆ ಹೋಗುವಾಗ ಬಸ್ಸಿನಲ್ಲಿ ಮುಚ್ಚಿದ ಗಾಜಿನ ಕಿಟಕಿಯ ಪಕ್ಕ ಕುಳಿತಿದ್ದರೂ ತೋಳಿಗೆ ಗಾದರಿ ಎದ್ದಿತ್ತೆಂದು ಅವಳು ಹೇಳಿದ್ದಳು. ಬಿಸಿಲಲ್ಲಿ ಚರ್ಮ ಸುಡುವ ಕಿರಣಗಳನ್ನು ಗಾಜು ಬಹುಮಟ್ಟಿಗೆ ತಡೆಯುತ್ತದೆ. ಗಾಜು ದಾಟಿ ಬರುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಬೆಳಕು. ಹುಬ್ಬಳ್ಳಿಯ ಪ್ರೊಫೆಸರರಿಗೆ ಫೋನ್ ಮಾಡಿದೆ. ಅವರು ಅಷ್ಟರಲ್ಲಿ ನಿವೃತ್ತರು. ಪೂರ್ತಿ ಕೇಳಿ, "ಸ್ಲೈಡ್ ಪ್ರೊಜೆಕ್ಟರ್ ಹುಡುಕಮ್ಮ," ಎಂದರು. ಅದರ ದೀಪದಲ್ಲಿ ಕಾಣುವ ಬೆಳಕೇ ಹೆಚ್ಚು, ಸುಡುವ ಕಿರಣ ಇಲ್ಲವೆನ್ನುವಷ್ಟು ಕಡಿಮೆ.

ಈ ಕಾಲದಲ್ಲಿ ಸ್ಲೈಡ್ ಪ್ರೊಜೆಕ್ಟರ್ ಎಲ್ಲಿ ಸಿಗಬೇಕು? ಊರೆಲ್ಲ ವಿಚಾರಿಸಿದ ಮೇಲೆ ದಾಂಡೇಲಿ ಬಳಿಯ ಅಂಬಿಕಾನಗರದ ವಿದ್ಯುತ್ ನಿಗಮದ ಕ್ವಾರ್ಟರ್ಸ್‌ನಲ್ಲಿದ್ದ ನನ್ನ ಗೆಳತಿ ತನ್ನ ಗಂಡನ ಹಳೆಯದೊಂದನ್ನು ಅಟ್ಟದಿಂದ ಇಳಿಸಿದಳು. ಹಿಂದೆ ಅವರು ಕಾಡಿನ ಹಕ್ಕಿಗಳ ಚಿತ್ರ ತೆಗೆದು ಕಾಲೊನಿಯ ಮಕ್ಕಳಿಗೆ ತೋರಿಸುತ್ತಿದ್ದರಂತೆ. ಬಲ್ಬು ಒಂದೇ ಇತ್ತು, ಅದು ಹೋದರೆ ಮತ್ತೆ ಸಿಗುವಂತಿರಲಿಲ್ಲ.

ಪರೀಕ್ಷೆಗೆ ಮುನ್ನ ಕೆಲವು ದಿನ ಮಾತ್ರೆ ನಿಲ್ಲಿಸಬೇಕು, ಇಲ್ಲವಾದರೆ ಗಾದರಿ ಏಳದೆ ಮೋಸವಾಗುತ್ತದೆ. ಆ ದಿನಗಳಲ್ಲಿ ನನಗೆ ಊಟ ಸೇರಲಿಲ್ಲ. ಶಿವಲೀಲಾ ವಸ್ತಾದರ ಮನೆಯ ಒಳಕೋಣೆಯಲ್ಲೇ ಇದ್ದಳು. ಬಟ್ಟೆ ಒಣಹಾಕಲೂ ಸುನಂದಾಬಾಯಿ ಅವಳನ್ನು ಹಿತ್ತಲಿಗೆ ಬಿಡುತ್ತಿರಲಿಲ್ಲ. ನಾನು ಆಸ್ಪತ್ರೆಯಿಂದ ಹೋಗುವಾಗ ಬರುವಾಗ ಆ ಮನೆಯ ಮುಂದೆ ಹಾದು, ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಪ್ರೊಜೆಕ್ಟರ್ ಇಟ್ಟು, ಶಾಖ ತಡೆಯಲು ನಡುವೆ ಗಾಜಿನ ಪಾತ್ರೆಯಲ್ಲಿ ನೀರು ತುಂಬಿಟ್ಟು, ಅವಳ ಬೆನ್ನಿನ ಒಂದು ಚುಕ್ಕೆಯಷ್ಟು ಜಾಗಕ್ಕೆ ಬೆಳಕು ಬಿಟ್ಟೆ. ಪಕ್ಕದಲ್ಲಿ ಔಷಧಿ ತಟ್ಟೆ ಸಿದ್ಧವಿತ್ತು. ಸುನಂದಾಬಾಯಿ ಅವಳ ಕೈ ಹಿಡಿದು ಕುಳಿತರು. ಈರಪ್ಪ ಕದದ ಹೊರಗೆ ನಿಂತು ಏನೋ ಜಪಿಸುತ್ತಿದ್ದುದು ಒಳಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಬೆಳಕು ಬಿದ್ದಲ್ಲಿ ಗುಂಡಗೆ ಗಾದರಿ ಎದ್ದಿತು.

ಈರಪ್ಪನವರನ್ನು ಒಳಗೆ ಕರೆದು ತೋರಿಸಿದೆ. ಕಾಣುವ ಬೆಳಕೇ ಇವಳಿಗೆ ಆಗದ್ದರಿಂದ ಗಾಜು ಇವಳನ್ನು ಕಾಯುವುದಿಲ್ಲ, ಬಿಸಿಲಿಗೆ ಎಲ್ಲರೂ ಹಚ್ಚುವ ಬಿಳಿ ಕ್ರೀಮೂ ಸಾಲದು, ತೆಳ್ಳನೆಯ ತಿಳಿ ಬಣ್ಣದ ಬಟ್ಟೆಯೂ ನಂಬಿಕೆಗೆ ಯೋಗ್ಯವಲ್ಲ ಎಂದು ವಿವರಿಸಿದೆ. ದಟ್ಟ ನೇಯ್ಗೆಯ ಕಡು ಬಣ್ಣದ ಬಟ್ಟೆ ಬೇಕು, ಮುಖಕ್ಕೆ ಚರ್ಮದ ಬಣ್ಣವಿರುವ ಕ್ರೀಮ್ ಬೇಕು. ಅವರು ಗಾದರಿಯನ್ನು ಬಹಳ ಹೊತ್ತು ನೋಡಿ, "ಅಂದ್ರ ಇಕಿ ಸುಳ್ಳ ಹೇಳ್ತಿರಲಿಲ್ಲ," ಎಂದರು. ಬಸ್ಸಿನ ಕಿಟಕಿಯ ಮಾತನ್ನು ಮನೆಯಲ್ಲಿ ಯಾರೂ ನಂಬಿರಲಿಲ್ಲವಂತೆ. ಮುಂದಿನ ವಾರ ಅವರು ಮುಂಡಗೋಡದ ಟಿಬೆಟನ್ ಕಾಲೊನಿಯ ಅಂಗಡಿಯಿಂದ ದಪ್ಪನೆಯ ಕಪ್ಪು ನೀಲಿಯ ಟ್ರ್ಯಾಕ್‌ಸೂಟು ತಂದುಕೊಟ್ಟು, ಮಗಳನ್ನು ವಸ್ತಾದರ ಮನೆಯಲ್ಲೇ ಬಿಟ್ಟು ಹೋದರು. ಹೋಗುವಾಗ ನನಗೆ ಹೇಳಿದ್ದು ಇಷ್ಟೇ: "ನಿಮ್ಮ ಮ್ಯಾಲೆ ಬಿಟ್ಟೇನ್ರಿ." ಆ ಮಾತಿನ ಭಾರ ಬಹಳ ದಿನ ನನ್ನ ಎದೆಯ ಮೇಲಿತ್ತು.

ಮಾತ್ರೆಯ ಪ್ರಮಾಣ ಹೆಚ್ಚಿಸಿದೆ. ಜೊತೆಗೆ ಚರ್ಮವನ್ನು ಬೆಳಕಿಗೆ ಒಗ್ಗಿಸುವ ಕೆಲಸ ಆರಂಭಿಸಿದೆ. ಆಸ್ಪತ್ರೆಯ ಅಂಗಳದಲ್ಲಿ, ಸೂರ್ಯ ಮೇಲೇರುವ ಮೊದಲು, ಮುಂಗೈಯಷ್ಟೇ ಬಿಡಿಸಿ ಒಂದು ಗಳಿಗೆ. ಏನೂ ಆಗದಿದ್ದರೆ ಮರುದಿನ ತುಸು ಹೆಚ್ಚು. ಆಮೇಲೆ ಮೇಲ್ತೋಳು, ಆಮೇಲೆ ಕಾಲು. ನಡುವೆ ಎರಡು ಸಲ ಗಾದರಿ ಎದ್ದು ಹಿಂದಕ್ಕೆ ಹೋಗಬೇಕಾಯಿತು. ಹೊಸಬರಿಗೆ ಒಂದು ಮಾತು: ಇದನ್ನು ಮನೆಯಲ್ಲಿ ನೀವೇ ಮಾಡಿಕೊಳ್ಳಿ ಎಂದು ಯಾವ ರೋಗಿಗೂ ಹೇಳಬೇಡಿ. ಎದುರಿಗೆ ವೈದ್ಯರಿರಬೇಕು, ಕೈಯಳತೆಯಲ್ಲಿ ಅಡ್ರಿನಾಲಿನ್ ಇರಬೇಕು. ಈಗ ದೊಡ್ಡ ಊರುಗಳಲ್ಲಿ ಇದಕ್ಕೆಂದೇ ದೀಪದ ಪೆಟ್ಟಿಗೆಗಳಿವೆ, ಮಾತ್ರೆಗೆ ಬಗ್ಗದಿದ್ದರೆ ಕೊಡುವ ಹೊಸ ಚುಚ್ಚುಮದ್ದೂ ಇದೆ. ಅಂಥಲ್ಲಿಗೆ ಕಳಿಸುವ ಅನುಕೂಲ ನಿಮಗಿದ್ದರೆ ತಡಮಾಡಬೇಡಿ.

ವಸ್ತಾದರಿಗೂ ಸಿರಿಂಜ್ ತುಂಬುವುದನ್ನು, ತೊಡೆಗೆ ಚುಚ್ಚುವುದನ್ನು ಕಲಿಸಿದೆ. ಅಭ್ಯಾಸಕ್ಕೆ ಮೂಸಂಬಿ ಕೊಟ್ಟೆ. ಪೈಲವಾನರನ್ನು ಎತ್ತಿ ಒಗೆಯುತ್ತಿದ್ದ ಮನುಷ್ಯ ಸೂಜಿ ಹಿಡಿದು ಬೆವರಿದರು. "ನನ್ನ ಕೈಲೆ ಆಗೂದಿಲ್ರಿ, ಇಕಿಗೆ ಕಲಸ್ರಿ," ಎಂದು ಹೆಂಡತಿಯನ್ನು ಮುಂದೆ ಮಾಡಿದರು. ಸುನಂದಾಬಾಯಿ ಒಂದೇ ಸಲಕ್ಕೆ ಕಲಿತರು.

ಮುಂದಿನ ವರ್ಷ ರಾಜ್ಯದ ಪಂದ್ಯಕ್ಕೆ ಕಳಿಸುವ ವಿಭಾಗದ ತಂಡದ ಆಯ್ಕೆ ಬಂತು. ಅದರಲ್ಲಿ ಆಡುವವರ ಪಟ್ಟಿಯಲ್ಲಿ ಶಿವಲೀಲಾಳ ಹೆಸರು ಇತ್ತು. ಕುಸ್ತಿಗಳು ಬಯಲಿನಲ್ಲಿ, ಮಧ್ಯಾಹ್ನ. ಮೈಗಂಟುವ ತೋಳಿಲ್ಲದ ಉಡುಪಿನಲ್ಲೇ ಆಡಬೇಕು. ಇವಳು ಆಡಲು ಯೋಗ್ಯಳು ಎಂದು ನಾನು ಬರೆದುಕೊಡಬೇಕಿತ್ತು. ಒಗ್ಗಿಸಿದ ಚರ್ಮವಾದರೂ ನಡುಮಧ್ಯಾಹ್ನದ ಬಿಸಿಲಿಗೆ ನಾನು ಸಹಿ ಹಾಕಲಾರೆ. ಸಹಿ ಹಾಕದಿದ್ದರೆ ಅವಳು ಆಡಲಾರಳು. ವಸ್ತಾದರನ್ನು ಕರೆದುಕೊಂಡು ಸಂಘಟಕರ ಬಳಿ ಹೋದೆ. ಅವರು ಕಾಗದ ಪೂರ್ತಿ ಓದಲೂ ಇಲ್ಲ.

"ಬಿಸಲಿಗೆ ಅಲರ್ಜಿ ಇದ್ದಾಕಿಗೆ ಕುಸ್ತಿ ಯಾಕ ಬೇಕ್ರಿ?"

"ಕುಸ್ತಿಗೇನು ಅಲರ್ಜಿ ಇಲ್ಲಲ್ರಿ ಸಾಹೇಬ್ರ," ಎಂದರು ವಸ್ತಾದರು.

ನಾನು ಫೋನಿನಲ್ಲಿದ್ದ ಚೌಕ ಗಾದರಿಯ ಚಿತ್ರ ತೋರಿಸಿದೆ. ದಾಂಡೇಲಿಯಲ್ಲಿ ನಡೆದದ್ದನ್ನೂ ಹೇಳಿದೆ. ಅವರ ಮುಖದಲ್ಲಿ ಸಿಟ್ಟು ಇಳಿದು ಭಯ ಕಾಣಿಸಿತು. ಬಹಳ ಮಾತಾದ ಮೇಲೆ ಅವಳ ತೂಕದವರ ಕುಸ್ತಿಗಳನ್ನು ಹೊತ್ತು ಮುಳುಗಿದ ಮೇಲೆ ಇಡಲು ಒಪ್ಪಿದರು. ಹೊರಗೆ ಬಂದಾಗ ವಸ್ತಾದರು ಹಿಗ್ಗಿದ್ದರು. ನನಗೆ ಆಗ ಇನ್ನೊಂದು ಹೊಳೆಯಿತು. ಹೊತ್ತು ಮುಳುಗಿದರೆ ಕಣದ ಮೇಲೆ ದೊಡ್ಡ ದೀಪಗಳನ್ನು ಹಾಕುತ್ತಾರೆ. ಇವಳಿಗೆ ಆಗದಿರುವುದು ಕಾಣುವ ಬೆಳಕೇ.

ಕುಸ್ತಿಯ ಹಿಂದಿನ ದಿನ ದೀಪ ಹಾಕಿ ನೋಡುವಾಗ ಅವಳನ್ನು ಕರೆದುಕೊಂಡು ಹೋಗಿ, ಮೊದಲು ಒಂದು ತೋಳು ಬಿಡಿಸಿ, ಆಮೇಲೆ ಎರಡೂ ಬಿಡಿಸಿ, ಕಣದ ನಡುವೆ ನಿಲ್ಲಿಸಿದೆ. ಒಂದು ಕುಸ್ತಿಗಿಂತ ಹೆಚ್ಚು ಹೊತ್ತು ನಿಂತಳು. ಬಲ ಹೆಗಲು ತುಸು ಕೆಂಪಾದಂತೆ ಕಂಡಿತು. ಮುಟ್ಟಿ ನೋಡಿದೆ, ಉಬ್ಬಿರಲಿಲ್ಲ. ದೀಪಗಳು ಎತ್ತರದಲ್ಲಿದ್ದವು. ಆದರೂ ಖಚಿತವಾಗಿ ಹೇಳಲಾರೆ ಎಂದು ಅವಳಿಗೆ ಬಿಚ್ಚಿ ಹೇಳಿದೆ.

"ಚುರುಚುರು ಅಂದ್ರ ನಾನಾ ಕೈ ಎತ್ತತೇನ್ರಿ," ಎಂದಳು. "ಆಣಿ ಮಾಡಿ ಹೇಳ್ತೇನಿ. ಒಮ್ಮಿ ಬಿದ್ದಾಕಿ ನಾನು, ನನಗ ಗೊತ್ತೈತಿ."

ಸಹಿ ಹಾಕಿದೆ.

ಕುಸ್ತಿಯ ಸಂಜೆ ಕಣದ ಅಂಚಿನಲ್ಲಿ ನನ್ನ ಕುರ್ಚಿ. ಮಡಿಲಲ್ಲಿ ಔಷಧಿ ಚೀಲ, ಒಂದು ಪಕ್ಕ ಸುನಂದಾಬಾಯಿ, ಇನ್ನೊಂದು ಪಕ್ಕ ಈರಪ್ಪ. ಶಿವಲೀಲಾ ಟ್ರ್ಯಾಕ್‌ಸೂಟು ಕಳಚಿ ತಂದೆಯ ಕೈಗೆ ಕೊಟ್ಟು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಹೋದಳು. ಎದುರಾಳಿ ಬೆಳಗಾವಿ ಕಡೆಯ ಎತ್ತರದ ಹುಡುಗಿ. ಸೀಟಿ ಊದಿದರು. ಜನ ಕೂಗಿದರು. ನಾನು ಅವಳ ಹೆಗಲು ನೋಡಿದೆ. ಅವಳು ತಿರುಗಿದರೆ ಬೆನ್ನು, ಬಿದ್ದರೆ ತೊಡೆ. ಕೆಂಪಾದಲ್ಲೆಲ್ಲ ಅದು ಹಿಡಿತದ ಗುರುತೋ ಗಾದರಿಯೋ ಎಂದು ಕಣ್ಣು ಕಿರಿದು ಮಾಡಿದೆ. ಒಮ್ಮೆ ಅವಳ ಕೈ ಮೇಲಕ್ಕೆ ಹೋದಂತಾಗಿ ನಾನು ಎದ್ದುನಿಂತುಬಿಟ್ಟೆ. ಅದು ಎದುರಾಳಿಯ ಕುತ್ತಿಗೆಗೆ ಹಾಕಿದ ಕೈ. ಹಿಂದಿನವರು "ಕುಂದರ್ರೀ ಬಾಯಾರ" ಎಂದು ಕೂಗಿದರು.

ಮತ್ತೆ ಸೀಟಿ. ಇಬ್ಬರೂ ಕೈ ಕುಲುಕಿದರು. ಮೈ ಮೇಲೆ ಒಂದು ಗಾದರಿಯೂ ಇರಲಿಲ್ಲ. ನನ್ನ ಬೆರಳುಗಳು ಚೀಲದ ಹಿಡಿಕೆಯಲ್ಲಿ ಸೆಟೆದುಕೊಂಡಿದ್ದವು, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

ಶಿವಲೀಲಾ ನೇರ ನನ್ನ ಬಳಿ ಬಂದಳು. ಮುಖವೆಲ್ಲ ಮಣ್ಣು, ಕಣ್ಣಲ್ಲಿ ನೀರು.

"ಏನಾತವಾ? ತಿಂಡಿ ಬರಾಕತ್ತೇತೇನು? ಉಸರು?"

"ಇಲ್ರೀ ಬಾಯಾರ!" ಎಂದು ರೇಗಿದಳು. "ಆಕಿ ಎಡಗಾಲು ನನ್ನ ಕೈಯಾಗಾ ಇತ್ತು. ಹಿಡದಿದ್ದೆ. ಬಿಟ್ಟಬಿಟ್ನಿ. ನೀವು ನೋಡಿದ್ರೆಲ್ಲ, ನೀವಾ ಹೇಳ್ರಿ, ಬಿಡಬೇಕಿತ್ತೇನು ನಾನು?"

ನಾನು ವಸ್ತಾದರ ಮುಖ ನೋಡಿದೆ. ಸೋತಿದ್ದಾಳೆಂದು ಆಗ ತಿಳಿಯಿತು. ಯಾವ ಕಾಲು, ಯಾವ ಕೈ, ನನಗೆ ಒಂದೂ ಗೊತ್ತಿರಲಿಲ್ಲ. ಅವಳು ಉತ್ತರಕ್ಕೆ ಕಾಯಲಿಲ್ಲ. ತಂದೆಯ ಕೈಯಿಂದ ಟ್ರ್ಯಾಕ್‌ಸೂಟು ಕಸಿದುಕೊಂಡು, ಅದನ್ನು ತೊಡುವುದನ್ನೂ ಮರೆತು, ಬರಿದೋಳಿನಲ್ಲೇ ಆ ದೀಪಗಳ ಕೆಳಗೆ ನಿಂತು, ಹಿಡಿತ ಎಲ್ಲಿ ತಪ್ಪಿತೆಂದು ವಸ್ತಾದರೊಡನೆ ವಾದ ಮಾಡತೊಡಗಿದಳು. ವಸ್ತಾದರು ಬಗ್ಗಿ ತಮ್ಮ ಕಾಲನ್ನೇ ಅವಳಿಗೆ ಕೊಟ್ಟು, "ಹಿಡಿ, ಈಗ ಹಿಡದು ತೋರಸು," ಎಂದರು.